ಒಪ್ಪವೂ ಒಪ್ಪಂದವೂ

ವಿಜಯನಗರದ ಅರಸರ ಸಂಸ್ಕೃತ ತಾಮ್ರಶಾಸನಗಳು ಸಾಮಾನ್ಯವಾಗಿ ನಂದಿನಾಗರಿ ಲಿಪಿಯಲ್ಲಿವೆ. ಆದರೆ ಕೊನೆಯಲ್ಲಿ ಅರಸನ ಒಪ್ಪ ಮಾತ್ರ ಕನ್ನಡದಲ್ಲಿ: ‘ಶ್ರೀ ವಿರೂಪಾಕ್ಷ’. ತನ್ನ ಹೆಸರನ್ನಲ್ಲ, ತಾನು ನಂಬಿದ ದೇವರ ಹೆಸರನ್ನು ಬರೆದು ಅರಸನು ಮಾತು ಕೊಡುತ್ತಿದ್ದನು.

ಬೆಲೆಯುಳ್ಳ ಮಾತಿಗೆ ನಕಲೂ ಹುಟ್ಟುತ್ತದೆ. ನಮ್ಮ ಶಿರಸಿ ತಾಲೂಕಿನ ಬನವಾಸಿಯಿಂದ ಕದಂಬರು ಆಳಿದರು. ಅವರ ನೆರೆಯ ಗಂಗರ ಹೆಸರಿನಲ್ಲಿ ಹಲವು ಕೃತಕ ತಾಮ್ರಪಟಗಳು ಹುಟ್ಟಿಕೊಂಡವು. ಮಡಿಕೇರಿಯ ತಾಮ್ರಪಟದಲ್ಲಿ 388 ಎಂಬ ವರ್ಷವಿದೆ. ಶಕವರ್ಷವೆಂದು ಎಣಿಸಿದರೆ ಅದು ಕ್ರಿ.ಶ. 466. ಅಕ್ಷರಗಳ ರೂಪವಾದರೋ ಶತಮಾನಗಳಷ್ಟು ಈಚಿನದು. ವಿದ್ವಾಂಸ ಜೆ. ಎಫ್. ಫ್ಲೀಟ್ 1901ರಲ್ಲಿ ಇಂತಹ ಕೃತಕ ಶಾಸನಗಳನ್ನು ಪಟ್ಟಿಮಾಡಿದರು. ಲಿಪಿ, ತಿಥಿವಾರ, ವಂಶಾವಳಿ ಇವೇ ಪರೀಕ್ಷೆಯ ಒರೆಗಲ್ಲು. ಭೂಮಿಯ ಹಕ್ಕನ್ನು ಸಾಧಿಸಲು ಸುಳ್ಳು ಕೆತ್ತಿದ ಕೈಯನ್ನು ಅದು ಕೆತ್ತಿದ ಅಕ್ಷರವೇ ಹಿಡಿದುಕೊಟ್ಟಿತು.

ಇದು ಅರಮನೆಯ ಕಥೆ ಮಾತ್ರವಲ್ಲ. ಸಿದ್ದಾಪುರದಲ್ಲಾಗಲಿ ಯಲ್ಲಾಪುರದಲ್ಲಾಗಲಿ, ಅಂಕಪಟ್ಟಿಯ ಮೇಲೆ ಅಪ್ಪನ ಸಹಿಯನ್ನು ತಾನೇ ಗೀಚುವ ಮಗುವಿಗೆ ಭೂಮಿಯ ಆಸೆಯಿಲ್ಲ, ಬೆತ್ತದ ಭಯವಿದೆ. ಕಡಿಮೆ ಅಂಕವನ್ನು ನಿರ್ಭಯವಾಗಿ ತೋರಿಸಬಹುದಾದ ಮನೆಯಲ್ಲಿ ಕಳ್ಳಸಹಿಗೆ ಕೆಲಸವೇ ಇಲ್ಲ. ಸಾಲ ಕೇಳಲು ಬಂದವರಿಗೆ “ಅಪ್ಪ ಮನೆಯಲ್ಲಿಲ್ಲವೆಂದು ಹೇಳು” ಎಂದು ಮಗುವನ್ನು ಬಾಗಿಲಿಗೆ ಕಳುಹಿಸುವ ನಾವು, ಸುಳ್ಳಿನ ಮೊದಲ ಅಕ್ಷರವನ್ನು ತಿದ್ದಿಸುತ್ತೇವೆ. ನೆರೆಯವರೊಡನೆ, ಗೆಳೆಯರೊಡನೆ, ನಾಳೆ ತೋಟದ ಪಾಲಿನಲ್ಲಿ ಒಡಹುಟ್ಟಿದವರೊಡನೆ ನಂಬಿಕೆಯಿಂದ ಬಾಳುವುದನ್ನು ಮಗು ಕಲಿಯುವುದು ಈ ಹೊಸ್ತಿಲಲ್ಲೇ.

ಪೋಷಕರೇ, ಅಂಕಪಟ್ಟಿಗೆ ಸಹಿ ಹಾಕುವ ಮುನ್ನ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಮಾತು ಕೇಳಿರಿ. ಆಗ ಆ ಸಹಿ ನಿಮ್ಮಿಬ್ಬರ ಒಪ್ಪಂದವಾಗುತ್ತದೆ.