ಕಾಲ ತಳ್ಳಿದವರ ಮಾತು

ಇಂಗ್ಲಿಷಿನಲ್ಲಿ ‘ಈಕ್ ಔಟ್’ ಎಂದೊಂದು ಕ್ರಿಯಾಪದವುಂಟು. ಬಡವರು ಹೇಗೋ ಬದುಕಿದರೆನ್ನಲು ಅದನ್ನು ಬಳಸುತ್ತಾರೆ. ಬರಗಾಲದ ವೃತ್ತಾಂತವೊಂದನ್ನು ಕನ್ನಡಿಸಲು ಕುಳಿತಾಗ ಈ ಮಾತು ನನ್ನನ್ನು ಎರಡು ದಿನ ತಡೆದು ನಿಲ್ಲಿಸಿತು. ನಿಘಂಟನ್ನು ತೆರೆದರೆ ಅದರ ಮೂಲಾರ್ಥ ಬಡತನವಲ್ಲ, ‘ಹೆಚ್ಚಿಸು’ ಎಂದು! ‘ನಿಕ್‌ನೇಮ್’ ಎಂಬುದೂ ಮೊದಲು ‘ಈಕ್‌ನೇಮ್’, ಅಂದರೆ ಹೆಚ್ಚಿನ ಹೆಸರು, ಆಗಿದ್ದಿತು. ಇದ್ದಷ್ಟಕ್ಕೆ ಮತ್ತೇನನ್ನೋ ಕೂಡಿಸಿ ಸಾಲುವಂತೆ ಮಾಡುವುದು ನಡುವಣ ಅರ್ಥ. ಕಷ್ಟದಿಂದ ಹೊಟ್ಟೆ ಹೊರೆಯುವುದು ಕಡೆಯದು.

ಆಗ ಅಜ್ಜಂಪುರದ ಕಡೆಯವಳಾದ ನಮ್ಮ ಅಜ್ಜಿಯ ನೆನಪಾಯಿತು. ಧಾತು-ಈಶ್ವರ ಸಂವತ್ಸರಗಳ ಬರದ ಕಥೆಯನ್ನು ಅವಳು ತನ್ನ ತಾಯಿಯಿಂದ ಕೇಳಿದ್ದಳು. “ಹಿಡಿ ಹಿಟ್ಟಿಗೆ ನಾಲ್ಕು ಹಿಡಿ ಸೊಪ್ಪು ಹಾಕಿ ಒದಗಿಸಿದ್ರಂತೆ ಮಗ, ಹಂಗೂ ಹಿಂಗೂ ಕಾಲ ತಳ್ಳಿದ್ರಂತೆ” ಎನ್ನುತ್ತಿದ್ದಳು. ಇಂಗ್ಲಿಷಿನ ಒಂದು ಪದದ ಎರಡು ಅರ್ಥಗಳಿಗೆ ಅಜ್ಜಿಯ ಬಾಯಲ್ಲಿ ಎರಡು ಪದಗಳಿದ್ದವು.

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ೧೯೪೭ರವರೆಗೂ ಕಡೂರು ಜಿಲ್ಲೆಯೆಂದೇ ಹೆಸರು. ಪಡುವಣಕ್ಕೆ ಮಲೆನಾಡು, ಮೂಡಣಕ್ಕೆ ಕಡೂರು-ಅಜ್ಜಂಪುರಗಳ ಬಯಲು, ತರೀಕೆರೆ ಎರಡರ ಅಂಚಿನಲ್ಲಿ. ೧೮೭೬-೭೮ರಲ್ಲಿ ಮಳೆ ಕೈಕೊಟ್ಟಾಗ ಸಂಸ್ಥಾನದೊಳಕ್ಕೆ ಇದ್ದ ರೈಲು ಜೋಲಾರಪೇಟೆಯಿಂದ ಬೆಂಗಳೂರಿನವರೆಗೆ ಮಾತ್ರ. ಅಲ್ಲಿಂದಾಚೆಗೆ ಧಾನ್ಯ ಬರಬೇಕಾದುದು ಎತ್ತಿನ ಗಾಡಿಯಲ್ಲಿ. ಮೇವಿಲ್ಲದೆ ಎತ್ತುಗಳೇ ಬೀಳುತ್ತಿದ್ದವು. ಕಡೂರು, ಅಜ್ಜಂಪುರಗಳ ಮೇಲೆ ರೈಲು ಹಾದುದು ೧೮೮೯ರಲ್ಲಿ, ಬರ ಕಳೆದು ಹತ್ತು ವರ್ಷಗಳ ಮೇಲೆ.

ಮೈಸೂರು ಸಂಸ್ಥಾನದಲ್ಲಿ ೧೮೭೧ರ ಜನಗಣತಿಯಂತೆ ೫೦ ಲಕ್ಷ ೫೫ ಸಾವಿರ ಜನರಿದ್ದರು. ೧೮೮೧ರಲ್ಲಿ ಇದ್ದವರು ೪೧ ಲಕ್ಷ ೮೬ ಸಾವಿರ.

“ಒದಗಿತೇ ಅಜ್ಜಿ?” ಎಂದು ಚಿಕ್ಕಂದಿನಲ್ಲಿ ಒಮ್ಮೆ ಕೇಳಿದ್ದೆ. “ಐದು ಮಕ್ಕಳಿದ್ದೆವಂತೆ ಅನ್ನೋಳು ನಮ್ಮಮ್ಮ. ಒದಗಿದ್ದು ಇಬ್ಬರಿಗೆ” ಎಂದು ಮೊರ ಕೆಳಗಿಟ್ಟು ಎದ್ದುಹೋದಳು.

ಕಾಲ ತಳ್ಳಿದೆವೆಂದು ಹೇಳಲು ಬಾಯಿರುವುದು ಉಳಿದವರಿಗೆ. ‘ಬಡವರು ಹೇಗೋ ಜೀವನ ಸಾಗಿಸಿದರು’ ಎಂದು ಒಟ್ಟಾಗಿ ಬರೆದುಬಿಟ್ಟರೆ ಆ ಮೂವರೂ ಸಾಗಿಸಿದಂತಾಗುತ್ತದೆ. ಕೊನೆಗೆ ನನ್ನ ಅನುವಾದದಲ್ಲಿ ‘ಉಳಿದವರು ಕಾಲ ತಳ್ಳಿದರು’ ಎಂದು ಬರೆದೆ. ‘ಉಳಿದವರು’ ಎಂಬ ಪದ ಮೂಲದಲ್ಲಿರಲಿಲ್ಲ, ನಾನು ಕೂಡಿಸಿದ್ದು. ವಾಚಕರು ಮನ್ನಿಸಬೇಕು.