ವಾಲ್ವ್ ರೇಡಿಯೊದಿಂದ ಮೊಬೈಲಿನವರೆಗೆ: ಬಾಳಿಕೆಯ ಪ್ರಶ್ನೆ

ಹಿಂದಿನ ಯಂತ್ರಗಳು ಗಟ್ಟಿ, ಇಂದಿನವು ಪೊಳ್ಳು ಎಂಬ ಅಭಿಪ್ರಾಯ ಸಾರ್ವತ್ರಿಕವಾಗಿದೆ. ವಾಲ್ವ್ ರೇಡಿಯೊದ ಇತಿಹಾಸ ಇದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ವಾಲ್ವಿನೊಳಗಿನ ತಂತು ಬಲ್ಬಿನ ತಂತುವಿನಂತೆಯೇ ಸುಟ್ಟುಹೋಗುತ್ತಿತ್ತು, ಕೆಪ್ಯಾಸಿಟರುಗಳು ಸೋರುತ್ತಿದ್ದವು. ಆದರೆ ವಾಲ್ವನ್ನು ಸಾಮಾನ್ಯವಾಗಿ ಬೆಸುಗೆ ಹಾಕದೆ ಸಾಕೆಟ್ಟಿನಲ್ಲಿ ಕೂರಿಸಲಾಗುತ್ತಿತ್ತು. ಸುಟ್ಟುದನ್ನು ಕಿತ್ತು ಹೊಸದನ್ನು ಕೂರಿಸಿದರೆ ರೇಡಿಯೊ ಮತ್ತೆ ಹಾಡುತ್ತಿತ್ತು. ಅದರ ದೀರ್ಘಾಯುಷ್ಯಕ್ಕೆ ಬಿಚ್ಚಿ ಜೋಡಿಸಬಲ್ಲ ಈ ರಚನೆಯೇ ಮುಖ್ಯ ಕಾರಣವೆನ್ನಬೇಕು.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ರೂಪುಗೊಂಡಿತು. 1954ರಲ್ಲಿ ರೀಜೆನ್ಸಿ ಟಿಆರ್-1 ಎಂಬ ಜೇಬಿನ ರೇಡಿಯೊ ಮಾರುಕಟ್ಟೆಗೆ ಬಂದಿತು. ಟ್ರಾನ್ಸಿಸ್ಟರಿನಲ್ಲಿ ಸುಟ್ಟುಹೋಗುವ ತಂತುವೇ ಇಲ್ಲ. ಆರಂಭದ ಕೆಲವು ಸೆಟ್ಟುಗಳಲ್ಲಿ ಅದಕ್ಕೂ ಸಾಕೆಟ್ಟು ಇದ್ದುದು ಬೇರೆ ಮಾತು. ಬರಬರುತ್ತ ಅದನ್ನು ಫಲಕಕ್ಕೆ ಬೆಸೆಯುವುದೇ ರೂಢಿಯಾಯಿತು. ಬಿಡಿಭಾಗದ ಆಯುಷ್ಯ ಹೆಚ್ಚಿದಂತೆ ದುರಸ್ತಿ ಕಠಿಣವಾಯಿತು.

ಈ ವ್ಯವಸ್ಥೆ ಟ್ರಾನ್ಸಿಸ್ಟರಿಗೆ ಒಪ್ಪುತ್ತದೆ, ಮೊಬೈಲಿನ ಲಿಥಿಯಂ ಬ್ಯಾಟರಿಗೆ ಒಪ್ಪದು. ಬ್ಯಾಟರಿಯು ಹಳೆಯ ವಾಲ್ವಿನಂತೆ ಸವೆಯುವ ಭಾಗ. ಅದನ್ನೇ ಅಂಟು ಹಾಕಿ ಮುಚ್ಚುವುದನ್ನು ತಾಂತ್ರಿಕ ಅನಿವಾರ್ಯತೆಯೆಂದು ಒಪ್ಪುವುದು ಕಷ್ಟ. ಸಾಗಿಸಬಲ್ಲ ಬ್ಯಾಟರಿಗಳನ್ನು ಬಳಕೆದಾರನೇ ಬದಲಿಸುವಂತಿರಬೇಕೆಂದು ಐರೋಪ್ಯ ಒಕ್ಕೂಟವು 2023ರ ನಿಯಮದಲ್ಲಿ, ಕೆಲವು ವಿನಾಯಿತಿಗಳೊಡನೆ, ವಿಧಿಸಿತು. ಜಾರಿಗೆ ಗೊತ್ತುಪಡಿಸಿದ ದಿನ 2027ರ ಫೆಬ್ರವರಿ 18.