ಅಮೆರಿಕದ ಮೊದಲ ವ್ಯಂಗ್ಯಚಿತ್ರಗಳ ಪ್ರಾಣಿಗಳು

1754ರ ಮೇ 9ರಂದು ಬೆಂಜಮಿನ್ ಫ್ರಾಂಕ್ಲಿನ್‌ನ ‘ಪೆನ್ಸಿಲ್ವೇನಿಯಾ ಗೆಜೆಟ್’ ಪತ್ರಿಕೆಯಲ್ಲಿ ಎಂಟು ತುಂಡಾದ ಹಾವೊಂದರ ಚಿತ್ರ ಅಚ್ಚಾಯಿತು. ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ಮೊದಲ ರಾಜಕೀಯ ವ್ಯಂಗ್ಯಚಿತ್ರವೆಂದು ಇತಿಹಾಸಕಾರರು ಸಾಮಾನ್ಯವಾಗಿ ಗುರುತಿಸುವುದು ಇದನ್ನೇ. ಮರದ ಅಚ್ಚಿನ ಕೆತ್ತನೆ ಒರಟಾಗಿದೆ. ಪ್ರತಿ ತುಂಡಿಗೂ ಒಂದೊಂದು ವಸಾಹತಿನ ಮೊದಲಕ್ಷರಗಳಿವೆ. ನ್ಯೂ ಇಂಗ್ಲೆಂಡಿನ ವಸಾಹತುಗಳೆಲ್ಲ ಸೇರಿ ತಲೆಯಾಗಿವೆ, ದಕ್ಷಿಣ ಕೆರೊಲಿನಾ ಬಾಲ; ಜಾರ್ಜಿಯಾಕ್ಕೆ ಜಾಗವೇ ಇಲ್ಲ. ಕೆಳಗೆ ‘ಒಂದಾಗಿ, ಇಲ್ಲವೇ ಸಾಯಿರಿ’ ಎಂಬ ಎಚ್ಚರಿಕೆ. ಓಹಿಯೊ ಕಣಿವೆಯಲ್ಲಿ ಫ್ರೆಂಚರು ಒತ್ತರಿಸಿ ಬರುತ್ತಿದ್ದ ಕಾಲವದು. ತುಂಡಾದ ಹಾವನ್ನು ಹೊತ್ತು ಮುಳುಗುವುದರೊಳಗೆ ಜೋಡಿಸಿಟ್ಟರೆ ಮತ್ತೆ ಜೀವ ಬರುತ್ತದೆಂಬ ನಂಬಿಕೆ ಆಗ ಜನರಲ್ಲಿತ್ತು. ಚಿತ್ರದ ಕಸುವೆಲ್ಲ ಈ ನಂಬಿಕೆಯಲ್ಲಿದೆ: ಅವಸರ ಮತ್ತು ಆಸೆ ಎರಡನ್ನೂ ಅದು ಒಟ್ಟಿಗೆ ಹೇಳುತ್ತದೆ.

ಆ ವರ್ಷ ವಸಾಹತುಗಳ ಪ್ರತಿನಿಧಿಗಳು ಸೇರಿದ ಆಲ್ಬನಿ ಸಭೆ ಸಿದ್ಧಪಡಿಸಿದ ಒಕ್ಕೂಟದ ಯೋಜನೆಯನ್ನು ವಸಾಹತುಗಳು ಒಪ್ಪಲಿಲ್ಲ. ಹಾವು ಮಾತ್ರ ಉಳಿಯಿತು. 1765ರಲ್ಲಿ ಬ್ರಿಟನ್ ಹೇರಿದ ಸ್ಟಾಂಪ್ ತೆರಿಗೆ ಕಾಯ್ದೆಯ ವಿರುದ್ಧ ಅದು ಮತ್ತೆ ಕಾಣಿಸಿಕೊಂಡಿತು. 1774ರಲ್ಲಿ ಪಾಲ್ ರಿವೀರ್ ಅದನ್ನು ‘ಮ್ಯಾಸಚುಸೆಟ್ಸ್ ಸ್ಪೈ’ ಪತ್ರಿಕೆಯ ನೆತ್ತಿಯ ಮೇಲೆ, ಬ್ರಿಟನ್ ಎಂಬ ರೆಕ್ಕೆಯ ಮೃಗಕ್ಕೆ ಎದುರಾಗಿ ಕೆತ್ತಿದ. ಬ್ರಿಟಿಷರ ನೆಲವನ್ನು ಫ್ರೆಂಚರಿಂದ ಕಾಯಲು ಹುಟ್ಟಿದ ಚಿತ್ರ ಇಪ್ಪತ್ತೇ ವರ್ಷದಲ್ಲಿ ಬ್ರಿಟಿಷರ ಮೇಲೆಯೇ ತಿರುಗಿಬಿದ್ದಿತ್ತು. 1775ರ ಗ್ಯಾಡ್ಸ್‌ಡನ್ ಬಾವುಟದಲ್ಲಿರುವುದು ಇಡಿಯಾದ ಹಾವು, ಸುರುಳಿ ಸುತ್ತಿ ಕುಳಿತ ರ‍್ಯಾಟಲ್ ಹಾವು. ಅಮೆರಿಕ ಖಂಡಗಳಲ್ಲಿ ಮಾತ್ರ ಬದುಕುವ, ಬಾಲ ಅಲುಗಿಸಿ ಎಚ್ಚರಿಸುವ ಪ್ರಾಣಿಯದು. ಹೋರಾಟಗಾರರಿಗೆ ಇದಕ್ಕಿಂತ ಒಪ್ಪುವ ಗುರುತು ಸಿಗುವುದು ಕಷ್ಟವಿತ್ತು. ಲಂಡನ್ನಿನ ಜೇಮ್ಸ್ ಗಿಲ್‌ರೇ ಕೂಡ 1782ರಲ್ಲಿ ಅದನ್ನೇ ಬಿಡಿಸಿದ. ಅವನ ಹಾವಿನ ಎರಡು ಸುರುಳಿಗಳೊಳಗೆ ಬ್ರಿಟಿಷ್ ದಂಡನಾಯಕರಾದ ಬರ್ಗಾಯ್ನ್ ಮತ್ತು ಕಾರ್ನ್‌ವಾಲಿಸರ ಸೋತ ಸೇನೆಗಳು ಸಿಕ್ಕಿಬಿದ್ದಿವೆ, ಮೂರನೆಯದು ಖಾಲಿಯಿದೆ.

ಸ್ವಾತಂತ್ರ್ಯ ಬಂದ ಮೇಲೆ ಚಿತ್ರಕಾರರು ಪ್ರಾಣಿಗಳನ್ನು ತಮ್ಮವರ ಮೇಲೆಯೇ ಛೂಬಿಟ್ಟರು. ಮ್ಯಾಸಚುಸೆಟ್ಸ್‌ನ ಗವರ್ನರ್ ಎಲ್‌ಬ್ರಿಜ್ ಗೆರಿ 1812ರಲ್ಲಿ ಸಹಿ ಹಾಕಿದ ಕಾಯ್ದೆ ಸೆನೆಟ್ ಕ್ಷೇತ್ರಗಳನ್ನು ಅವನ ಪಕ್ಷಕ್ಕೆ ಅನುಕೂಲವಾಗುವಂತೆ ಸೊಟ್ಟಸೊಟ್ಟಗೆ ವಿಂಗಡಿಸಿತ್ತು. ಮಾರ್ಚ್ 26ರ ‘ಬಾಸ್ಟನ್ ಗೆಜೆಟ್’ ಎಸೆಕ್ಸ್ ಕೌಂಟಿಯ ಅಂಥ ಒಂದು ಕ್ಷೇತ್ರದ ನಕ್ಷೆಗೆ ರೆಕ್ಕೆ, ಉಗುರು, ಕೋರೆಹಲ್ಲು ಸೇರಿಸಿ ಅಚ್ಚುಹಾಕಿತು. ಹಲ್ಲಿಯಂಥ ಸಾಲಮ್ಯಾಂಡರನ್ನು ಹೋಲುವ ಆ ಪ್ರಾಣಿಗೆ ‘ಗೆರಿಮ್ಯಾಂಡರ್’ ಎಂದು ಹೆಸರಾಯಿತು. ಆ ವರ್ಷದ ಚುನಾವಣೆಯಲ್ಲಿ ಗೆರಿ ಸೋತ. ಸೆನೆಟ್ ಮಾತ್ರ ಅವನ ಪಕ್ಷದ ಕೈಯಲ್ಲೇ ಉಳಿಯಿತು.

ಕತ್ತೆಯ ಸರದಿ ಆಮೇಲಿನದು. 1837ರ ಒಂದು ಕಲ್ಲಚ್ಚಿನ ಚಿತ್ರದಲ್ಲಿ ಆಂಡ್ರ್ಯೂ ಜಾಕ್ಸನ್ ತನ್ನ ಡೆಮಾಕ್ರಟಿಕ್ ಪಕ್ಷವೆಂಬ ಕತ್ತೆಯೇರಿ ಕೋಲು ಎತ್ತಿದ್ದಾನೆ, ಉತ್ತರಾಧಿಕಾರಿ ವ್ಯಾನ್ ಬ್ಯೂರೆನ್ ಹಿಂದೆ ನಡೆದು ಬರುತ್ತಿದ್ದಾನೆ. ಡೆಮಾಕ್ರಟರ ಗುರುತಾಗಿ ಕತ್ತೆ ಜನರ ಮನಸ್ಸಿನಲ್ಲಿ ನೆಲೆಯಾದದ್ದು 1870ರ ದಶಕದಲ್ಲಿ, ವ್ಯಂಗ್ಯಚಿತ್ರಕಾರ ಥಾಮಸ್ ನ್ಯಾಸ್ಟ್‌ನ ಚಿತ್ರಗಳಿಂದ.